ಸಂದಿಗೊಂದು ದಡಿ

ನಮ್ಮ ಮನೆಗೆ ನೀವು ಬಂದರೆ, ಗೆಳೆಯರೇ, ಬಾಗಿಲಲ್ಲಿ ಚಪ್ಪಲಿಯ ಜೊತೆಗೆ ಒಂದು ಭುಜವನ್ನೂ ಬಿಟ್ಟು ಒಳಗೆ ಬರಬೇಕಾಗುತ್ತದೆ. ಬೀದಿಬಾಗಿಲಿನಿಂದ ಅಡುಗೆಮನೆಯವರೆಗೆ ಸಾಗುವ ನಡುಹಾದಿ ಅಷ್ಟು ಕಿರಿದು. ಒಳಗಿನಿಂದ ಚಹಾದ ತಾಟು ಹಿಡಿದವರು ಬರುವಾಗ ಹೊರಗಿನಿಂದ ಕೊಡ ಹೊತ್ತವರು ಎದುರಾದರೆ, ಇಬ್ಬರಲ್ಲಿ ಒಬ್ಬರು ಗೋಡೆಗೆ ಬೆನ್ನು ಹಚ್ಚಿ, ಉಸಿರು ಹಿಡಿದು, ಕ್ಯಾಲೆಂಡರಿನ ದೇವರಂತೆ ನಿಲ್ಲಬೇಕು.

ನಮ್ಮ ಅತ್ತೆ ಇದನ್ನು ಸಂದಿ ಎನ್ನುತ್ತಾರೆ. ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದವಳು, ವ್ಯಾಕರಣದ ಸಂಧಿಗೂ ಮನೆಯ ಸಂದಿಗೂ ಇರುವ ಅಂತರ ಒಂದು ಉಸಿರಿನದಷ್ಟೇ ಎಂದು ಮದುವೆಯಾಗಿ ಬಂದ ಹೊಸದರಲ್ಲೇ ಗುರುತು ಹಾಕಿಕೊಂಡಿದ್ದೆ. ನೇಕಾರರ ಊರಾದ ಈ ಬನಹಟ್ಟಿಯ ಮಾತಿನಲ್ಲಿ ಆ ಉಸಿರನ್ನೂ ಯಾರೂ ಖರ್ಚು ಮಾಡುವುದಿಲ್ಲ. ಎರಡು ಸ್ವರಗಳು ಎದುರಾದಾಗ ಒಂದು ಸುಮ್ಮನೆ ಜಾರಿಹೋಗುವುದಕ್ಕೆ ಲೋಪಸಂಧಿ ಎನ್ನುತ್ತೇವಲ್ಲವೇ? ನಮ್ಮಲ್ಲಿಯೂ ಅದೇ ಸೂತ್ರ. ಇಬ್ಬರು ಎದುರಾದರೆ ಒಬ್ಬರು ಪಕ್ಕದ ಕೋಣೆಯೊಳಗೆ ಲೋಪವಾಗುತ್ತಾರೆ.

ನೂಲಿನ ಅಂಗಡಿ ನಡೆಸುವ ನನ್ನ ಗಂಡನಿಗೆ ವ್ಯಾಕರಣಕ್ಕಿಂತ ಬಟ್ಟೆಯ ಭಾಷೆ ಹತ್ತಿರದ್ದು. ಬಟ್ಟೆಯ ಅಗಲಕ್ಕೆ ಇಲ್ಲಿ ಪನ್ನಾ ಎನ್ನುತ್ತಾರೆ. "ನಮ್ಮ ಮನಿ ಉದ್ದ ಛಲೋ ಐತಿ, ಪನ್ನಾ ಅಷ್ಟ ಸಾಲೂದಿಲ್ಲ" ಎಂಬುದು ಬಂದವರೆದುರು ಅವರು ಆಡುವ ಖಾಯಂ ಮಾತು. ಅವರ ಅಜ್ಜ ಮತ್ತು ಅಜ್ಜನ ತಮ್ಮ ಪಾಲಾದಾಗ ಇಬ್ಬರಿಗೂ ಬೀದಿಯ ಬಾಗಿಲು ಬೇಕಿತ್ತಂತೆ, ಇಬ್ಬರಿಗೂ ಹಿತ್ತಿಲ ಮಗ್ಗ ಬೇಕಿತ್ತಂತೆ. ಹೀಗಾಗಿ ಮನೆಯನ್ನು ಧೋತರದಂತೆ ಉದ್ದಕ್ಕೆ ಹರಿದರಂತೆ. ಇಷ್ಟು 'ಅಂತೆ'ಗಳನ್ನು ಬಳಸಿದ್ದಕ್ಕೆ ಕ್ಷಮೆಯಿರಲಿ. ಈ ಮನೆಯಲ್ಲಿ ಈ ಕತೆಯನ್ನು ಮೂವರು ಮೂರು ಬಗೆಯಾಗಿ ಹೇಳುತ್ತಾರೆ, ಮೂವರೂ ಕಣ್ಣಾರೆ ಕಂಡವರಂತೆ ಹೇಳುತ್ತಾರೆ, ಆಗ ಮೂವರಲ್ಲಿ ಒಬ್ಬರೂ ಹುಟ್ಟಿರಲಿಲ್ಲ.

ಈ ಸಂದಿಯನ್ನು ಬೆಳಗಿಸಬೇಕೆಂದು ಹೋದ ವರ್ಷ ನಿರ್ಧರಿಸಿದೆ. ಮದುಮಗಳಾಗಿ ಕಾಲಿಟ್ಟ ದಿನದಿಂದ ಅದು ಕತ್ತಲ ಗವಿ ಎಂಬುದು ನನ್ನ ಖಚಿತ ನೆನಪು. ಅಲಂಕಾರದ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ಪರದೆಯ ಬಣ್ಣದಿಂದ ದೇವರಮನೆಯ ಗೂಡಿನವರೆಗೆ ನನ್ನ ತೀರ್ಪೇ ಕೊನೆಯದು, ಮತ್ತು ಬಹುಪಾಲು ಅದು ಸರಿಯೇ ಇರುತ್ತದೆ. ಮೊಬೈಲಿನಲ್ಲಿ ಓದಿ, ನೋಡಿ, ನಿಯಮಗಳನ್ನು ಮನದಟ್ಟು ಮಾಡಿಕೊಂಡೆ. ಗೋಡೆ ಬೆಳ್ಳಗಿರಬೇಕು, ನೆಲ ಹೊಳೆಯಬೇಕು, ಕೊನೆಯ ಗೋಡೆಗೆ ದೊಡ್ಡ ಕನ್ನಡಿಯಿರಬೇಕು, ದಾರಿಯಲ್ಲಿ ಸಾಮಾನು ನಿಲ್ಲಬಾರದು. ಸೈಕಲ್ಲು ಹಿತ್ತಿಲಿಗೆ ಹೋಯಿತು, ಜೋಳದ ಡಬ್ಬಿ ಅಡುಗೆಮನೆಗೆ, ಗೂಟಕ್ಕೆ ತೂಗುತ್ತಿದ್ದ ಚೀಲಗಳೆಲ್ಲ ಮಂಚದ ಕೆಳಗೆ. ಜಮಖಂಡಿಯಿಂದ ಬಿಳಿ ಟೈಲ್ಸು ಬಂದವು, ಕೊನೆಯ ಗೋಡೆಗೆ ಕನ್ನಡಿ ಏರಿತು. ಹಳೆಯ ಶಹಾಬಾದಿ ಕಲ್ಲು, ಸುಣ್ಣದ ಗೋಡೆ ಎರಡೂ ಹೊಸ ಬಿಳುಪಿನ ಅಡಿಗೆ ಸೇರಿದವು. ಎಲ್ಲ ಮುಗಿದ ಮೇಲೆ ಅಲ್ಲಿ ನಿಂತರೆ, ನಡುಮಧ್ಯಾಹ್ನ ಹಿಪ್ಪರಗಿಯ ಬ್ಯಾರೇಜಿನ ಮೇಲೆ ನಿಂತು ನೀರು ನೋಡಿದಂತಾಗುತ್ತಿತ್ತು.

ಬಂದವರು ಬೆರಗಾದರು. "ಗ್ವಾಡಿ ಒಡಸಿದ್ರೇನ್ರಿ ಅಕ್ಕಾರ?" ಎಂದು ಎದುರುಮನೆಯಾಕೆ ಕೇಳಿದಾಗ ನನಗೆ ಬಹುಮಾನ ಬಂದಷ್ಟು ಹಿಗ್ಗಾಯಿತು. ಒಂದು ಇಟ್ಟಿಗೆಯನ್ನೂ ಅಲುಗಿಸದೆ ಪನ್ನಾ ಹೆಚ್ಚಿಸಿದ್ದೆ. ಆ ನಿಯಮಗಳು ಸುಳ್ಳಲ್ಲವೆಂದು ಈಗಲೂ ಹೇಳುತ್ತೇನೆ. ಯಾರ ಕಣ್ಣಿಗೆ ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ.

ಅತ್ತೆಯ ಕೋಣೆ ಮನೆಯ ಹಿಂಭಾಗದಲ್ಲಿದೆ. ಬಿಸಿಲು ಇಳಿದ ಮೇಲೆ ಸಂದಿ ದಾಟಿ ಬಾಗಿಲ ಹೊರಗಿನ ಕಟ್ಟೆಗೆ ಬಂದು ಕೂಡುವುದು ಅವರ ದಿನದ ಮುಖ್ಯ ಕೆಲಸ. ಓಣಿಯ ಗಂಗವ್ವ ಬರುತ್ತಾಳೆ. ಮಗ್ಗಗಳ ಸದ್ದಿಗಿಂತ ಒಂದು ಹಿಡಿ ಎತ್ತರದ ದನಿಯಲ್ಲಿ ಇಬ್ಬರೂ ಊರಿನ ಆಗುಹೋಗುಗಳನ್ನು ಇತ್ಯರ್ಥ ಮಾಡುತ್ತಾರೆ. ಸಂದಿ ಬೆಳ್ಳಗಾದ ಮೇಲೆ ಅತ್ತೆ ಕಟ್ಟೆಗೆ ಬರುವುದು ನಿಂತಿತು. ಮೊದಲು ಮೊಣಕಾಲು ಎಂದರು, ಆಮೇಲೆ ಸೆಕೆ ಎಂದರು, ಕೊನೆಗೆ "ಸುಮ್ನ, ಮನಸಿಲ್ಲ" ಎಂದರು. ದಿನಚರಿ ಬರೆಯುವ ಚಟ ನನಗಿದೆ. 'ಅತ್ತೆಗೆ ಇವತ್ತೂ ಮೊಣಕಾಲು ನೋವು' ಎಂದು ಬರೆದು ಪುಟ ಮುಚ್ಚಿದ್ದೇನೆ. ಬರೆದದ್ದು ನಿಜವೆಂಬ ಭ್ರಮೆ ಬರೆಯುವವರಿಗೇ ಮೊದಲು ಹಿಡಿಯುತ್ತದೆ.

ಅಷ್ಟರಲ್ಲಿ ಮುಧೋಳದಿಂದ ಮೈದುನ ಬಂದ. ಅಲ್ಲಿ ಅವನು ಹೊಸದಾಗಿ ಮನೆ ಕಟ್ಟಿಸಿದ್ದಾನೆ. ಅದರ ಹಾಲ್ ಎಷ್ಟು ದೊಡ್ಡದೆಂದರೆ ಈ ಮೂಲೆಯಲ್ಲಿ ಕೂತವರನ್ನು ಆ ಮೂಲೆಯವರು ಫೋನ್ ಮಾಡಿ ಮಾತಾಡಿಸಬೇಕೆಂದು ನನ್ನ ಗಂಡ ನಗೆಯಾಡುತ್ತಾರೆ. ತಾಯಿ ಕೋಣೆ ಬಿಟ್ಟು ಏಳುತ್ತಿಲ್ಲವೆಂದು ಕೇಳಿ ಅವನಿಗೆ ಕಳವಳವಾಯಿತು.

"ನಮ್ಮ ಕಡೆ ಬಂದಬಿಡ ಬೇ ಅವ್ವಾ. ಇಲ್ಲಿ ಈ ಸಂದ್ಯಾಗ ಎಲ್ಲೆರೆ ಬಿದ್ದಗಿದ್ದಿ. ನಮ್ಮಲ್ಲಿ ಗಾಳಿ ಐತಿ, ಬೆಳಕ ಐತಿ. ಅಮಾಸಿ ಮುಗಿಸಿ ಕಾರ್ ತರತೇನಿ."

ಅತ್ತೆ ಅವನ ಮುಖ ನೋಡದೆ "ಆತು" ಎಂದರು.

ಈ ನೆಲದ 'ಆತು' ವಿಚಿತ್ರ ಪದ. ಒಪ್ಪಿಗೆಗೂ ಅದೇ, ಮುಗಿಯಿತು ಎನ್ನುವುದಕ್ಕೂ ಅದೇ. ಅನ್ನ ಬೆಂದರೂ ಆತು, ಆಯುಷ್ಯ ತೀರಿದರೂ ಆತು. ಅವರ ಆತು ಯಾವ ಬಗೆಯದೆಂದು ಆ ಇಡೀ ದಿನ ಯೋಚಿಸಿದೆ. ಅವರು ಹೋಗುವುದು ನನಗೆ ಬೇಡವಾಗಿತ್ತು. ಸೊಸೆಯೊಬ್ಬಳು ಹೀಗೆ ಬರೆದರೆ ನಂಬುವವರು ಕಡಿಮೆಯೆಂದು ಗೊತ್ತು, ಆದರೂ ಬರೆಯುತ್ತೇನೆ. ಜಗಳವಾಡಿ ಗೆಲ್ಲಲು ಯೋಗ್ಯರಾದವರು ಈ ಮನೆಯಲ್ಲಿ ಅವರೊಬ್ಬರೇ. ಮುಧೋಳದ ಆ ಮನೆ ಊರ ಹೊರಗಿನ ಬಡಾವಣೆಯಲ್ಲಿದೆ, ಅಲ್ಲಿ ಕಟ್ಟೆಯಿಲ್ಲ, ಗಂಗವ್ವನಿಲ್ಲ.

ಸುದ್ದಿ ಕೇಳಿದ ಗಂಗವ್ವ ಮರುದಿನವೇ ಬಂದು ಬಾಗಿಲಲ್ಲೇ ನಿಂತು ಕೂಗಿದಳು. "ಏನ ಬೇ ನೀಲವ್ವಾ, ಮನಿ ಅರಮನಿ ಆತಂತ ರಾಣಿಸಾಹೇಬ್ರು ಹೊರಗ ಬರೂದಿಲ್ಲೇನ? ನಾ ಏನ ಒಳಗ ಬಂದ ಬಗ್ಗಿ ಮುಜರಿ ಮಾಡಬೇಕೇನ?"

ಅಭಿಮಾನ ಕೆಣಕಿದರೆ ಅತ್ತೆ ತಡೆಯುವವರಲ್ಲ. ಕೋಣೆಯಿಂದ ಎದ್ದು ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನು ಅವರ ಪಾದಗಳನ್ನು ಆವತ್ತು ಮೊದಲ ಬಾರಿಗೆ ಗಮನವಿಟ್ಟು ನೋಡಿದೆ. ಹೊಳೆಗಿಳಿಯುವವರು ನೀರಿನಡಿಯ ಮೆಟ್ಟಿಲನ್ನು ತಡಕುವಂತೆ ಒಂದೊಂದೇ ಹೆಜ್ಜೆಯ ಹೆಬ್ಬೆರಳು ನೆಲವನ್ನು ಹುಡುಕುತ್ತಿತ್ತು. ಅರ್ಧ ದಾರಿ ಬಂದು, ಗಂಗವ್ವನಿಗೆ ಚಹಾ ಇಡಲು ಹೇಳಬೇಕೆನಿಸಿತೇನೋ, ನನ್ನ ಕಡೆ ತಿರುಗಿದರು. ಕೊನೆಯ ಗೋಡೆಯ ಕನ್ನಡಿಯಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬಳು ಎದುರು ಬಂದಳು. ಅತ್ತೆ ಥಟ್ಟನೆ ಗೋಡೆಗೆ ಸರಿದು, "ಬರ್ರೀ, ನೀವ ಮದ್ಲ ಹಾಯ್ರಿ" ಎಂದರು.

ಗಂಗವ್ವ ಬಿದ್ದು ಬಿದ್ದು ನಕ್ಕಳು. "ನಿನಗ ನೀನ ಹಾದಿ ಬಿಡಾಕತ್ತೀಯಲ್ಲ ಬೇ. ಇಷ್ಟ ಮರ್ಯಾದಿ ನಮಗ ಎಂದೂ ಕೊಡಲಿಲ್ಲ."

ಅತ್ತೆಯೂ ನಕ್ಕರು. ಆದರೆ ಗೋಡೆಗೆ ಹಚ್ಚಿದ ಅಂಗೈ ಮಾತ್ರ ಕೀಳಲಿಲ್ಲ. ಅವರ ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದಕ್ಕೆ ಅವರು ಒಪ್ಪಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಟೈಲ್ಸು ಆರಿಸುವಾಗ ನೆನಪಾಗಲಿಲ್ಲ ಅಷ್ಟೇ. ನೆನಪು ಹಾಗೆಯೇ, ಕರೆದಾಗ ಬಾರದೆ, ಎಲ್ಲ ಮುಗಿದ ಮೇಲೆ ಸಾಕ್ಷಿ ಹೇಳಲು ಬರುತ್ತದೆ.

ಅವರು ಕಟ್ಟೆ ಸೇರಿದ ಮೇಲೆ ಸಂದಿಯ ನಡುವೆ ನಿಂತು ಕಣ್ಣನ್ನು ಅರೆಮುಚ್ಚಿದೆ. ರೆಪ್ಪೆಯ ಮಂಜಿನೊಳಗಿಂದ ನೋಡಿದರೆ ನೆಲವಿಲ್ಲ, ಗೋಡೆಯಿಲ್ಲ, ಎಲ್ಲವೂ ಒಂದೇ ಹಾಲು. ಎಲ್ಲಿ ಕಾಲಿಡಬೇಕು, ಎಲ್ಲಿ ಕೈಯಿಡಬೇಕು ಎಂದು ಹೇಳುವ ಒಂದು ಗೆರೆಯೂ ಅಲ್ಲಿರಲಿಲ್ಲ. ಬೆಳಕು ಬೇರೆ, ಕಾಣುವುದು ಬೇರೆ. ನಾವು ಕಾಣುವುದು ಬೆಳಕನ್ನಲ್ಲ, ಬೆಳಕು ಎಲ್ಲಿ ನಿಂತಿತು ಎಂಬುದನ್ನು. ಇಷ್ಟು ಸೀರೆಗಳ ಊರಿನಲ್ಲಿದ್ದೂ ದಡಿಯಿಲ್ಲದ, ಅಂಚೇ ಇಲ್ಲದ ಸೀರೆಯನ್ನು ಮನೆಗೆ ಉಡಿಸಿದ್ದೆ.

ಹಾಗಾದರೆ ಹಳೆಯ ಸಂದಿಯಲ್ಲಿ ಅವರು ಹೇಗೆ ಓಡಾಡುತ್ತಿದ್ದರು? ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಇತ್ತೆಂದು ನನಗೆ ಮಸುಕಾಗಿ ನೆನಪು. ಗಂಡನನ್ನು ಕೇಳಿದರೆ ನೀಲಿ ಪಟ್ಟಿ ಎಂದರು. ಫೋನಿನಲ್ಲಿ ಮೈದುನ, "ಪಟ್ಟಿ ಎಲ್ಲಿತ್ರಿ ವೈನಿ, ಬರೇ ಸುಣ್ಣ" ಎಂದ. ಆಗ ಕತ್ತಲ ಗವಿಯೆಂಬ ನನ್ನ ಆ ಖಚಿತ ನೆನಪನ್ನೂ ಒಮ್ಮೆ ತಟ್ಟಿ ನೋಡಿದೆ. ಮದುಮಗಳಾಗಿ ನಾನು ಬಂದದ್ದು ತಲೆ ತಗ್ಗಿಸಿಕೊಂಡು. ತಲೆ ತಗ್ಗಿಸಿದವಳು ಕಂಡದ್ದು ಶಹಾಬಾದಿ ಕಲ್ಲಿನ ಬೂದು ನೆಲವನ್ನಷ್ಟೇ. ನೆಲದ ಸಾಕ್ಷಿಯ ಮೇಲೆ, ಸುಣ್ಣದ ಬಿಳಿ ಗೋಡೆಗಳಿದ್ದ ಇಡೀ ಸಂದಿಗೆ ಕತ್ತಲೆಯ ಪಟ್ಟ ಕಟ್ಟಿ, ಇಷ್ಟು ವರ್ಷ ಅದನ್ನೇ ನಂಬಿದ್ದೆ. ಇಲ್ಲದ ಒಮ್ಮತದಿಂದ ಹಳೆಯದನ್ನು ಮತ್ತೆ ಕಟ್ಟಲಾಗದು. ನೆನಪುಗಳು ಹೊಂದದಿದ್ದಾಗ ಕಣ್ಣನ್ನೇ ಕೇಳುವುದು ಮೇಲು.

ಅಂಗಡಿಯಿಂದ ಬಣ್ಣಬಣ್ಣದ ನೂಲಿನ ಲಡಿಗಳನ್ನು ತರಿಸಿದೆ. ಅತ್ತೆಯನ್ನು ಅವರ ಕೋಣೆಯ ಬಾಗಿಲಲ್ಲಿ ಕೂಡಿಸಿ, ನಾನು ಸಂದಿಯ ನಡುವೆ ಕುಕ್ಕರಗಾಲಲ್ಲಿ ಕೂತು, ಗೋಡೆ ನೆಲವನ್ನು ಮುಟ್ಟುವಲ್ಲಿ ಒಂದೊಂದೇ ಲಡಿಯನ್ನು ಹಿಡಿದೆ.

"ಇದು ಕಾಣತೈತೇನ್ರಿ ಅತ್ತಿ?"

"ಯಾಕ ಕಾಣೂದಿಲ್ಲ? ಛಲೋ ಐತಿ."

"ಯಾವ ಬಣ್ಣ?"

ಅವರು ಕಣ್ಣು ಕಿರಿದು ಮಾಡಿ ಮುಂದೆ ಬಾಗಿದರು. ನನ್ನ ಕೈಯಲ್ಲಿದ್ದದ್ದು ಹಳದಿ. ಇನ್ನೊಂದು ಹಿಡಿದೆ, ತಿಳಿಹಸಿರು. ಅದಕ್ಕೆ ಇನ್ನಷ್ಟು ಬಾಗಿದರು.

"ಖರೆ ಹೇಳ್ಲ್ಯಾ?" ಎಂದರು ಅತ್ತೆ. "ನೀ ಕುಂತದ್ದ ಕಾಣತೈತಿ. ಕೈಯಾಗಿಂದು ಕಾಣವಲ್ದು. ನೆಲಾ ಅಂತೂ ಕಾಣೂದ ಇಲ್ಲ. ನೀ ಇಷ್ಟ ಹುರುಪಿಲೆ ಮಾಡಸೀದಿ, ಹ್ಯಾಂಗ ಹೇಳಲಿ?"

"ಮುಧೋಳಕ್ಕ ಹೋಗಾಕ ಒಪ್ಪಿದ್ದು ಇದಕ್ಕೇನ್ರಿ?"

"ಮತ್ತ? ಇಲ್ಲಿ ಬಿದ್ದು ಕೈಕಾಲ ಮುರಕೊಂಡ್ರ ಮಂದಿ ನಿನಗ ಅಂತಾರ, ಸ್ವಸಿ ಕೆಡವಿದ್ಲು ಅಂತ."

ಇಲ್ಲಿ ಒಂದು ಮೆತ್ತಗಿನ ಮಾತು ಬರೆಯಲು ಕೈ ಹೋಗುತ್ತದೆ. ಆದರೆ ನಾನು ಆಡಿದ ಮಾತು ಇದು: "ಜಗಳ ಆಡೂಮುಂದ ಇಷ್ಟ ವಿಚಾರ ಮಾಡೂದಿಲ್ಲಲ್ರಿ ನೀವು." ಹೇಳಿ ಮುಂದಿನ ಲಡಿ ಎತ್ತಿ ಹಿಡಿದೆ. ಗಾಢವಾದ ದಾಳಿಂಬೆ ಬಣ್ಣ.

"ಅದು," ಎಂದರು ಅತ್ತೆ, ಬೆರಳು ಚಾಚಿ. "ಅದು ಕೆಂಪ. ಅದು ಕಾಣತೈತಿ."

ಎರಡೂ ಗೋಡೆಗಳ ಬುಡಕ್ಕೆ, ಗೇಣಗಲ, ಉದ್ದಕ್ಕೂ ದಾಳಿಂಬೆ ಬಣ್ಣದ ದಡಿ ಎಳೆಸಿದೆ. ಕಡುಬಣ್ಣ ಜಾಗವನ್ನು ಕುಗ್ಗಿಸುತ್ತದೆಂದು ನಾನೇ ಒಪ್ಪಿಸಿದ್ದ ನಿಯಮವನ್ನು ಗಂಡ ನನಗೇ ತಿರುಗಿಸಿ ಹೇಳಿದರು. ಸೀರೆಯ ದಡಿ ಮೈಯನ್ನು ಕುಗ್ಗಿಸುತ್ತದೆಯೇ ಎಂದು ಕೇಳಿದ ಮೇಲೆ ಬಣ್ಣದ ಡಬ್ಬಿಯನ್ನು ತಾವೇ ಹೊತ್ತು ತಂದರು. ಕನ್ನಡಿ ಕೊನೆಯ ಗೋಡೆಯಿಂದ ಇಳಿದು ಹಿತ್ತಿಲ ಕಿಟಕಿಯ ಮಗ್ಗುಲಿಗೆ ಹೋಯಿತು. ಈಗ ಅದು ಯಾರಿಗೂ ಎದುರು ಬರದೆ ಬೆಳಕನ್ನಷ್ಟೇ ಒಳಗೆ ತಿರುಗಿಸುತ್ತದೆ. ಹೊಳೆಯುವ ನೆಲದ ಮೇಲೆ ಮಂದ ಬೂದು ಬಣ್ಣದ ಜಮಖಾನ ಉದ್ದಕ್ಕೂ ಬಿಗಿಯಾಗಿ ಕೂತಿತು. ನಿಜ ಹೇಳಲೇ? ಸಂದಿ ಮೊದಲಿಗಿಂತ ಅಗಲವಾಗಿ ಕಾಣುತ್ತದೆ. ಅಂಚು ತಿಳಿದ ಮೇಲೆಯೇ ಅಲ್ಲವೇ ನಡುವೆ ಎಷ್ಟಿದೆ ಎಂದು ತಿಳಿಯುವುದು.

ಅಮಾವಾಸ್ಯೆ ಕಳೆಯಿತು. ಮೈದುನ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಕಾಲಿಟ್ಟ. ಆಚೆಯ ತುದಿಯಿಂದ ಅತ್ತೆ ಬರುತ್ತಿದ್ದರು. ಎರಡೂ ಮೊಣಕೈಗಳನ್ನು ಮಡಚಿ, ಎಡದ ಅಂಗೈ ಈ ಗೋಡೆಗೆ, ಬಲದ ಅಂಗೈ ಆ ಗೋಡೆಗೆ ಆನಿಸಿ, ದಡಿಗಳ ನಡುವೆ ಸರಾಗವಾಗಿ, ಮಗ್ಗದೊಳಗೆ ಲಾಳಿ ಹಾಯುವಂತೆ ಬಂದರು. ಇಷ್ಟು ವರ್ಷ ನಾನು ಕೊರತೆಯೆಂದು ಕೊರಗಿದ ಆ ಅಗಲ ಒಬ್ಬ ಮುದುಕಿಯ ಎರಡು ಕೈಗಳ ಅಳತೆಗೆ ಸರಿಯಾಗಿತ್ತು. ನಡುವೆ ಸಿಕ್ಕ ಮೈದುನ ಗೋಡೆಗೆ ಒತ್ತಿ ನಿಂತ.

"ಚೀಲ ಎಲ್ಲಿ ಬೇ ಅವ್ವಾ?"

"ಯಾರ ಚೀಲ? ಮದ್ಲ ಹಾದಿ ಬಿಡು, ಗಂಗವ್ವ ಕುಂತಾಳ."

"ನಮ್ಮ ಮನಿಗೆ ಬರತೇನಿ ಅಂದಿದ್ದಿ. ಅಷ್ಟ ದೊಡ್ಡ ಹಾಲ್ ಕಟ್ಟಸೇನಿ ನಿನ್ನ ಸಲುವಾಗಿ."

"ದೊಡ್ಡದೈತಪ್ಪಾ, ಛಲೋ ಐತಿ. ನಡುವ ನಿಂತರ ನಾ ಏನ ಹಿಡಕೊಳ್ಳಲಿ? ನಿನ್ನ ಹೆಸರ ಹಿಡದ ಒದರಲೇನ?"

ಅವನು ನನ್ನನ್ನು ನೋಡಿದ. ನಾನು ಜಮಖಾನವನ್ನು ನೋಡಿದೆ. ಅತ್ತೆ ಕಟ್ಟೆ ಸೇರಿ, ಮಗ ತಂದ ಹಣ್ಣನ್ನು ಗಂಗವ್ವನಿಗೆ ಹಂಚುತ್ತ, ಅವನ ಮನೆಯ ದೊಡ್ಡಸ್ತಿಕೆಯನ್ನೇ ಹೊಗಳತೊಡಗಿದರು.

ಹೊರಡುವಾಗ ಅವನು ಬಗ್ಗಿ ದಡಿಯನ್ನು ಬೆರಳಿನಿಂದ ಸವರಿ ಕೇಳಿದ. "ವೈನಿ, ಈ ಬಣ್ಣಕ್ಕ ಏನಂತಾರ್ರಿ? ಹಬ್ಬಕ್ಕರೆ ಅಕಿ ನಾಕ ದಿನ ಬಂದ ಇರಬೇಕು."

"ಬಣ್ಣ ಹೇಳತೇನಿ, ಆದರ ಅಷ್ಟಕ್ಕ ಆಗೂದಿಲ್ಲ. ನಿಮ್ಮ ಹಾಲ್ ಮದ್ಲ ಇಕ್ಕಟ್ಟ ಮಾಡ್ರಿ" ಎಂದೆ. ಅವನು ನಗಲಿಲ್ಲ, ಹೇಗೆ ಎಂದು ಕೇಳಿದ.

ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ಕಿರಿದನ್ನು ಹಿರಿದಾಗಿ ಕಾಣಿಸುವ ಉಪಾಯಗಳು ಮೊಬೈಲಿನ ತುಂಬ ಇವೆ, ನೂರಾರು ಜನ ಬರೆದಿದ್ದಾರೆ. ಅಷ್ಟಗಲದ ಹಾಲನ್ನು ಎರಡು ಕೈಗಳ ಅಳತೆಗೆ ಇಳಿಸುವುದು ಹೇಗೆಂದು ಯಾರೂ ಬರೆದಿಲ್ಲ. ಮಂಚ ಎಲ್ಲಿಡಬೇಕು, ಬಾಗಿಲಿನಿಂದ ಎಷ್ಟು ದೂರಕ್ಕೆ ಕಪಾಟು ಬರಬೇಕು, ಎರಡರ ನಡುವೆ ಎಷ್ಟು ಸಂದಿ ಬಿಡಬೇಕು ಎಂದು ಹಾಳೆಯ ಮೇಲೆ ಗೆರೆ ಎಳೆದುಕೊಂಡು ಕೂತಿದ್ದೇನೆ. ಅಳತೆಗೆಂದು ಅತ್ತೆಗೆ ಕೈ ಚಾಚಲು ಹೇಳಿದರೆ, ಕಟ್ಟೆಗೆ ಹೋಗಲು ಹೊತ್ತಾಯಿತೆಂದು ಬೈಯುತ್ತಿದ್ದಾರೆ.