ಮಹಿಳಾ ಸಂಘದ ಗಂಡಸು ಸದಸ್ಯರು

ಸಿಂಧನೂರಿನ ನಮ್ಮ ಮಹಿಳಾ ಸಂಘದಲ್ಲಿ ಸದಸ್ಯರನ್ನು ಬರೆದುಕೊಳ್ಳುವ ಅಕ್ಕ ಒಬ್ಬರಿದ್ದರು. ಬಂದ ಹೆಂಗಸರು ಗಂಡನ ಹೆಸರಿನಿಂದ ಶುರುಮಾಡಿದರೆ ಪೆನ್ನೆತ್ತಿ ತಡೆಯುತ್ತಿದ್ದರು: “ಅವರದು ಬ್ಯಾಡವ್ವ, ನಿನ್ನ ಹೆಸರ ಹೇಳು.”

ಆಮೇಲೆ ಸದಸ್ಯರ, ದಾನಿಗಳ ವಿವರವೆಲ್ಲ ಹೊಸ ಸಾಫ್ಟ್‌ವೇರ್‌ಗೆ ಹೋಯಿತು. ಸದಸ್ಯರ ಹೆಸರು ಮತ್ತೊಮ್ಮೆ ತುಂಬಿರೆಂದು ಅದು ಎಲ್ಲರಿಗೂ ಮೆಸೇಜು ಕಳಿಸಿತು. ಮನೆಯ ಮೊಬೈಲು ಗಂಡಂದಿರ ಕಿಸೆಯಲ್ಲಿ. ಅವರು ತಮ್ಮ ಹೆಸರನ್ನೇ ತುಂಬಿದರು. ಎಂಥ ಜಾಣ ಸಾಫ್ಟ್‌ವೇರ್! ಇದು ಹೆಂಗಸರ ಸಂಘವೆಂಬ ಖಬರೂ ಅದಕ್ಕಿರಲಿಲ್ಲ.

ವಾರ್ಷಿಕ ಸಭೆಗೆ ಪಕ್ಕದ ಬಳಗಾನೂರಿನಿಂದ ನಮ್ಮ ಸದಸ್ಯೆಯರ ಬದಲು ಇಸ್ತ್ರಿ ಅಂಗಿಯ ಅವರ ಗಂಡಂದಿರು ಬಂದಿಳಿದರು. “ಓಟ್ ಹಾಕಾಕ ಬಂದೀವ್ರೀ,” ಎಂದು ಒಬ್ಬ ಮೊಬೈಲಿನಲ್ಲಿ ತನ್ನ ಹೆಸರಿಗೆ ಬಂದ ಸಭೆಯ ಮೆಸೇಜು ತೋರಿಸಿದ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತರು.

“ಫೋನ್ ನಿಮ್ದು, ಸಂಘ ನಮ್ದು. ಹೋಗಿ ನಿಮ್ಮ ಮನ್ಯಾಗಿನವ್ರನ್ನ ಕಳಸ್ರಿ. ಅವ್ರು ಓಟ್ ಹಾಕಿ ಬರೂತನಕ ಒಲಿ ಮುಂದ ನೀವ್ ಕುಂದರ್ರಿ!”