ಖಾಜಾಸಾಬನ ಹಾಸ್ಟೆಲ್ಲು

ಡೋಣಿಯ ಖಾಜಾಸಾಬ ತನ್ನ ಹೊಲವನ್ನು ಹಾಸ್ಟೆಲ್ಲೆಂದೇ ಕರೆಯುತ್ತಾನೆ. ಗದಗ-ಬೆಟಗೇರಿಯ ಡೇರಿಯವರು ಹಾಲು ಬಿಡಿಸಿದ ಹೆಣ್ಣುಗರುಗಳನ್ನು ಕರಾರಿನ ಮೇಲೆ ತಂದು ಬಿಡುತ್ತಾರೆ. ಇವನು ಬೆಳೆಸಿ, ಗಬ್ಬವಾದ ಮೇಲೆ ಮರಳಿ ಕಳಿಸುತ್ತಾನೆ. ಕರು ಅವರದು, ಹುಲ್ಲು ಮತ್ತು ಬೈಗುಳ ಇವನದು. ಮೇವಿಗೆ ನುಗ್ಗಿದರೆ "ಪಾಳಿ ಹಚ್ಚಿ ಬರ್ರಲೇ" ಎನ್ನುತ್ತಾನೆ. ಗೋದಲಿಯಲ್ಲಿ ಹುಲ್ಲು ಉಳಿಸಿದರೆ "ನಿಮ್ಮ ಮಾಲಕರಿಗೆ ಫೋನ್ ಹಚ್ಚತೀನಿ" ಎಂದು ಹೆದರಿಸುತ್ತಾನೆ. "ಮಂದಿ ದನಾನ ಭಾಳ ಹಚ್ಚಕೋಬಾರದು" ಎನ್ನುತ್ತಲೇ ಅವುಗಳ ಕೋಡಿನ ಬುಡ ತುರಿಸುತ್ತಾನೆ. ಮೊನ್ನೆ ಡೇರಿಯ ಮಮತಾ ಫೋನ್ ಮಾಡಿದಳು: "ಕಾಕಾ, ನೀವು ಕಳಿಸಿದ ಆಕಳ ಈದೈತಿ, ಆದ್ರ ಹಾಲ ಇಳಸವಲ್ಲದ್ರಿ." "ಸ್ಪೀಕರ್ ಹಾಕಿ ಫೋನ್ ಗೋದಲಿ ಮ್ಯಾಲ ಇಡವಾ, ನೀ ಹಿಂಡಾಕ ಕುಂಡ್ರು" ಎಂದವನೇ ಶುರು ಮಾಡಿದ: "ಏನ್ಲೇ, ನಮ್ಮ ಹಾಸ್ಟೆಲ್ಲಿನ ಮರ್ಯಾದಿ ಕಳೀತಿ ಏನು?" ಸ್ವಲ್ಪ ಹೊತ್ತಿಗೆ ಆ ಕಡೆ ಬಕೀಟಿನಲ್ಲಿ ಚರ್ರೆಂದು ಸದ್ದಾಯಿತು. "ಆತು ಕಾಕಾ, ಇಳಸಾಕತ್ತೈತಿ, ಕಟ್ ಮಾಡ್ರಿ" ಎಂದಳು ಮಮತಾ. ಅವನು ಮಾಡಲಿಲ್ಲ. ಕರುಗಳನ್ನು ಬೆಳೆಸುತ್ತಲೇ ತಲೆ ನರೆತಿದ್ದರೂ, ತಾನು ಬೆಳೆಸಿದ ಆಕಳಿನ ಹಾಲು ಬೀಳುವ ಸದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಬಕೀಟಿನಲ್ಲಿ ನೊರೆಯೇರಿ ಆ ಸದ್ದು ಮೆತ್ತಗಾಗುವವರೆಗೂ ಬೈಯುವುದನ್ನೇ ಮರೆತು, ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದ.