ಸಿಗದಿದ್ದರೆ, ಉಳಿಸಿಟ್ಟ ಪ್ರತಿ

ಶೈಲಾ, ನೀನು ಅಳಿಸಿಹಾಕಿದ ಆ ಬರಹವನ್ನು ಹದಡಿ ರಸ್ತೆಯ ಶಾಲೆಯವರಿಗೆ ಮುಟ್ಟಿಸಿದವರು ನಾಗರತ್ನಮ್ಮ ಅಲ್ಲ. ನಾನು. ಇದನ್ನು ನಿನ್ನೆದುರು ಕೂತು ಹೇಳಬೇಕಿತ್ತು — ಒಂದೂವರೆ ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಬರೆಯುವಾಗ ನನ್ನ ಮೇಲೆ ನನಗೇ ಮೈ ಉರಿಯುತ್ತಿದೆ.

ನನ್ನ ಕೆಲಸವೇನೆಂದು ನೀನು ಕೇಳಿದಾಗಲೆಲ್ಲ ಏನೋ ಕಂಪ್ಯೂಟರ್‌ದು ಎಂದು ಹಾರಿಸಿಬಿಡುತ್ತಿದ್ದೆ. ಈಗ ಸರಿಯಾಗಿ ಕೇಳು. ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿದೆಯಲ್ಲ, ಅದೇ ನಾನಿದ್ದ ಆಫೀಸು. ಜನ ಸೋಷಿಯಲ್ ಮೀಡಿಯಾದಲ್ಲಿ ಹಾಕಿದ್ದನ್ನು ಹುಡುಕಿ ತಂದುಕೊಡುವ ಒಂದು ಸಾಧನ ಅಲ್ಲಿ ತಯಾರಾಗುತ್ತದೆ. ಅದನ್ನು ಬಳಸುವವರು ಮನುಷ್ಯರಲ್ಲ, ಎಐ ಏಜೆಂಟುಗಳು — ಯಾರೋ ಒಪ್ಪಿಸಿದ ಕೆಲಸವನ್ನು ತಾವೇ ಮಾಡಿ ಮುಗಿಸುವ ಪ್ರೋಗ್ರಾಮುಗಳು. ಅವು ಓದಿ ನಡೆಯಲೆಂದು ಕೈಪಿಡಿ ಬರೆಯುತ್ತಿದ್ದವಳು ನಾನು. ಮನುಷ್ಯರಿಗೆ ಬರೆದರೆ ಅರ್ಧ ಓದಿ ಬಿಡುತ್ತಾರೆ, ಇಲ್ಲವೇ ಜಗಳಕ್ಕೆ ಬರುತ್ತಾರೆ. ಇವು ಬರೆದದ್ದನ್ನು ಬರೆದಂತೆಯೇ ಮಾಡುತ್ತವೆ. ಅದೇ ನನಗೆ ದೊಡ್ಡ ಜಂಬವಾಗಿತ್ತು.

ಕೈಪಿಡಿಯಲ್ಲಿ ಹೆಜ್ಜೆಹೆಜ್ಜೆಗೂ ಉದಾಹರಣೆ ಬೇಕು. ಸುಳ್ಳು ಹೆಸರು ಕೊಟ್ಟರೆ ಸಾಧನ ಬರಿಗೈಯಲ್ಲಿ ವಾಪಸ್ಸು ಬರುತ್ತಿತ್ತು. ನಿಜವಾದ ಖಾತೆಯೊಂದು ಬೇಕಾಯಿತು, ನಿನ್ನದನ್ನು ಹಾಕಿದೆ. ನಿನ್ನನ್ನು ಕೇಳಲಿಲ್ಲ. ನಂದಿಗುಡಿ ಬಸ್ಸಿನ ಕಿಟಕಿಯಿಂದ ತೆಗೆದ ಗದ್ದೆ, ಎರಡನೇ ಕ್ಲಾಸಿನ ಮಕ್ಕಳು ಬಿಡಿಸಿದ ಆನೆ — ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಅಂದುಕೊಂಡೆ. ದಿನಾ ಬೆಳಿಗ್ಗೆ ಪರೀಕ್ಷೆಗೆ ನಿನ್ನ ಖಾತೆಯನ್ನೇ ತೆರೆಸುತ್ತಿದ್ದೆ. ಒಮ್ಮೆ ತಂದದ್ದರ ಪ್ರತಿಯನ್ನು ಸಾಧನ ತನ್ನಲ್ಲಿ ಉಳಿಸಿಕೊಳ್ಳುತ್ತದೆ.

ಆಮೇಲೆ ಹರಿಹರದ ನಿನ್ನ ಶಾಲೆಯಲ್ಲಿ ಆ ಮಗುವನ್ನು ಶಿಕ್ಷೆ ಎಂದು ಬಿಸಿಲಲ್ಲಿ ನಿಲ್ಲಿಸಿದರು. ಅದು ಕುಸಿದು ಬಿತ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಆಯಾ ನಾಗರತ್ನಮ್ಮ, ಜೊತೆಗೆ ಓಡಿದವಳು ನೀನು. ಆ ಸಂಜೆ ನಡೆದದ್ದನ್ನೆಲ್ಲ ನೀನು ನಿನ್ನ ಖಾತೆಯಲ್ಲಿ ಬರೆದು ಹಾಕಿದೆ, ನಾಗರತ್ನಮ್ಮನಿಗೂ ಓದಿ ಹೇಳಿದೆ. ಮಾರನೇ ದಿನ ಶಾಲೆಯ ಸೆಕ್ರೆಟರಿ ಕರೆಸಿ ಹೆದರಿಸಿದರು, ಮಧ್ಯಾಹ್ನದೊಳಗೆ ನೀನು ಅಳಿಸಿದೆ. ಅಷ್ಟರಲ್ಲಿ ನನ್ನ ಬೆಳಗಿನ ಪರೀಕ್ಷೆ ಮುಗಿದಿತ್ತು.

ಮರುದಿನ ಸಾಧನ, ಪೋಸ್ಟ್ ಸಿಗಲಿಲ್ಲ ಎಂದು ಹೇಳಿ ನಿಂತುಬಿಟ್ಟಿತು. ಗಿರಾಕಿಗಳ ಮುಂದೆ ಹೀಗೆ ನಿಂತರೆ ಮರ್ಯಾದೆ ಹೋಗುತ್ತದೆ ಎಂದು ನಮ್ಮ ಸಾಹೇಬರು ಸಿಡಿಮಿಡಿಗೊಂಡರು. ಬರೆದವರು ಬೇಕೆಂದೇ ಅಳಿಸಿದ್ದಾರೆ ಎಂದು ನಾನು — ಒಂದೇ ಸಲ, ಮೆಲ್ಲಗೆ — ಹೇಳಿದೆ.

"ಪಬ್ಲಿಕ್ಕಾಗಿ ಹಾಕಿದ್ದು ಐತಲ್ರಿ, ಮತ್ತೇನು?"

ಪಬ್ಲಿಕ್ಕಂತೆ. ಅವರ ಮನೆಯಂಗಳವೂ ರಸ್ತೆಗೆ ಕಾಣುತ್ತದೆ, ಹೋಗಿ ಚಾಪೆ ಹಾಸಿಕೊಂಡು ಮಲಗಬಹುದೇ? ಈ ಮಾತು ಆಗ ನನ್ನ ಬಾಯಿಗೆ ಬರಲಿಲ್ಲ. ಕೈಗೆ ಬಂದದ್ದು ಈ ವಾಕ್ಯ: ಪೋಸ್ಟ್ ಸಿಗದಿದ್ದರೆ, ಉಳಿಸಿಟ್ಟ ಪ್ರತಿಯನ್ನು ತಂದುಕೊಡು. ಸಾಹೇಬರು ಹೇಳಿ ಬರೆಸಿದ್ದಲ್ಲ. ನಾನೇ ಬರೆದೆ, ಎಷ್ಟು ಚೊಕ್ಕವಾಗಿದೆ ಎಂದು ಮತ್ತೆ ಮತ್ತೆ ಓದಿಕೊಂಡೆ. ಕೈಪಿಡಿ ಹೊರಗೆ ಹೋಗುವ ಮುನ್ನ ಉದಾಹರಣೆಯಿಂದ ನಿನ್ನ ಹೆಸರು ತೆಗೆದೆ. ಅಷ್ಟಕ್ಕೇ ದೊಡ್ಡ ಒಳ್ಳೆಯವಳಾದೆ ಅಂದುಕೊಂಡೆ. ನಿನ್ನ ಬರಹದ ಪ್ರತಿ ಸಾಧನದೊಳಗೇ ಉಳಿದಿತ್ತು.

ನಾಲ್ಕು ತಿಂಗಳ ಮೇಲೆ ಹದಡಿ ರಸ್ತೆಯ ಶಾಲೆಗೆ ನೀನು ಅರ್ಜಿ ಹಾಕಿದೆ. ಅವರು ಅರ್ಜಿದಾರರ ಹೆಸರುಗಳನ್ನು ಒಂದು ಏಜೆಂಟಿಗೆ ಕೊಟ್ಟರು, ಅದು ನನ್ನ ಕೈಪಿಡಿ ಓದಿತು, ಹೇಳಿದ ಹಾಗೆ ಕೇಳಿತು, ನೀನು ಅಳಿಸಿದ್ದನ್ನು ತಂದುಕೊಟ್ಟಿತು. ತಮ್ಮ ಶಾಲೆಯನ್ನೇ ಬೀದಿಗೆ ಎಳೆದವರು ನಮಗೆ ಬೇಡ ಎಂದು ನಿನ್ನನ್ನು ಕಳಿಸಿಬಿಟ್ಟರು. ನೀನು ನೇರ ನನ್ನ ಮನೆಗೆ ಬಂದೆ.

"ಅಳಿಸಿದ್ದೆ ಕಣೆ. ಅವ್ರಿಗೆ ಹೆಂಗೆ ಗೊತ್ತಾತು? ನಾಗರತ್ನಮ್ಮನ ಮಗಳು ಅದೇ ಸಾಲಿಗೆ ಅಡಿಗಿ ಮಾಡಾಕ ಹೋಗ್ತಾಳೆ... ಅವ್ರೇ ಹೇಳಿರ್ಬೇಕಾ?"

ನನಗೆ ಗೊತ್ತಿತ್ತು. ನೀನು ಕೇಳಿದ ಕ್ಷಣವೇ ಗೊತ್ತಾಯಿತು — ಆ ಶಾಲೆ ನಮ್ಮ ಗಿರಾಕಿಗಳ ಪಟ್ಟಿಯಲ್ಲಿದ್ದದ್ದನ್ನು ನಾನೇ ನೋಡಿದ್ದೆ. ಚಹಾ ಸೋಸುತ್ತಿದ್ದೆ, ತಲೆ ಎತ್ತಲಿಲ್ಲ.

"ಇದ್ರೂ ಇರ್ಬಹುದು," ಅಂದೆ.

ಯಂತ್ರಕ್ಕೆ ಬರೆದ ವಾಕ್ಯವನ್ನು ಬೇಕಾದರೆ ಕೆಲಸದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳಬಹುದಿತ್ತೇನೋ. ಈ ಮಾತನ್ನು ಯಾವ ಲೆಕ್ಕಕ್ಕೆ ಹಾಕಲಿ? ನಿನಗೆ ಹೇಳಿದ್ದು ಇದು. ನೀನು ನಂಬಿದೆ. ಇಂದಿಗೂ ಅದೇ ಸೆಕ್ರೆಟರಿಯ ಕೈಕೆಳಗೆ ದುಡಿಯುತ್ತಿದ್ದೀಯ, ಅದೇ ಶಾಲೆಯಲ್ಲಿ ನಾಗರತ್ನಮ್ಮ ಎದುರಾದರೆ ಮುಖ ತಿರುಗಿಸಿ ನಡೆಯುತ್ತೀಯ. ಒಂದು ಮಗುವಿಗಾಗಿ ಕೂಡಿ ಓಡಿದ ಇಬ್ಬರನ್ನು ನಾನು ಒಂದೇ ಮಾತಿನಲ್ಲಿ ಬೇರೆ ಮಾಡಿದೆ.

ಕಳೆದ ತಿಂಗಳು ಆ ವಾಕ್ಯವನ್ನು ತೆಗೆದುಹಾಕಿದೆ. ಸಾಹೇಬರು ಮತ್ತೆ ಹಾಕಿಸಿದರು, ನಾನು ಕೆಲಸ ಬಿಟ್ಟೆ. ಅದಕ್ಕೆ ನನ್ನ ಬೆನ್ನು ತಟ್ಟಬೇಡ. ವಾಕ್ಯ ಅಲ್ಲೇ ಇದೆ, ಯಾರ್ಯಾರದನ್ನೋ ತಂದುಕೊಡುತ್ತಲೇ ಇದೆ.

ಭಾನುವಾರ ಹರಿಹರಕ್ಕೆ ಬಂದಿದ್ದೆ. ನಿನ್ನ ಓಣಿ ದಾಟಿ ನಾಗರತ್ನಮ್ಮನ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದರು, ನಾನು ಎಲ್ಲ ಹೇಳಿ ಮುಗಿಸುವವರೆಗೂ ಆರಿಸುತ್ತಲೇ ಇದ್ದರು. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಟೀಚರು ಯಾಕ ಮಾತು ಬಿಟ್ರು ಅಂತ ಗೊತ್ತೇ ಇರಲಿಲ್ರಿ," ಅಂದರು. "ನಾನೇನ್ ತಪ್ಪು ಮಾಡೀನಿ ಅಂತ ದಿನಾ ನೆನೆಸ್ಕೊಂತಿದ್ದೆ."

ನನ್ನನ್ನು ಬೈಯಲು ಆಮೇಲೆ ಬಾ, ಇಲ್ಲವೇ ಬರಲೇಬೇಡ. ಮೊದಲು ಅವರ ಮನೆಗೆ ಹೋಗು.